ಗುರ್ತ ಸಿಕ್ಕಿತಾ?

ನಮ್ಮ ಕಡೆಯವರಿಗೆ ಒಂದು ಚಟವಿದೆ. ಮದುವೆ ಮನೆಯ ಪಂಕ್ತಿಯಿರಲಿ, ಡೊಂಬಿವಲಿ ಸ್ಟೇಷನ್ನಿನ ಸೇತುವೆಯಿರಲಿ, ಬಹಳ ಕಾಲದ ಮೇಲೆ ಕಂಡವರ ಎದುರು ನಿಂತು ನಗುತ್ತ 'ಗುರ್ತ ಸಿಕ್ಕಿತಾ?' ಎಂದು ಕೇಳುವುದು. ತಾನು ಇಂಥವನು ಎಂದು ಮಾತ್ರ ಬಾಯಿ ಬಿಡುವುದಿಲ್ಲ. ಎದುರಿನವರು ತಡಕಾಡಬೇಕು, ತಲೆ ಕೆರೆದುಕೊಳ್ಳಬೇಕು, ಒಂದೆರಡು ಹೆಸರು ಹೇಳಬೇಕು. ತಪ್ಪು ಹೇಳಿದರಂತೂ ಹಬ್ಬ. 'ಅಲ್ಲ ಮಾರಾಯ್ತಿ, ನಿನ್ನ ದೊಡ್ಡಮ್ಮನ ನಾದಿನಿಯ ಮಗ ನಾನು!' ಎಂದು ಸುತ್ತಲಿದ್ದವರನ್ನೆಲ್ಲ ಕರೆದು ನಗುತ್ತಾರೆ. ಉಡುಪಿ ಕಡೆ ಹುಟ್ಟಿದ ಈ ಚಟ ಹೊಟೇಲು ಇಡಲು ಬಂದವರ ಜೊತೆ, ಆಫೀಸು ಸೇರಲು ಬಂದವರ ಜೊತೆ ಮುಂಬಯಿ ಬಸ್ಸು ಹತ್ತಿ ಕಲ್ಯಾಣದವರೆಗೂ ಬಂದು ಇಲ್ಲೇ ರೇಶನ್ ಕಾರ್ಡು ಮಾಡಿಸಿಕೊಂಡಿದೆ. ತುಳುವಿನಲ್ಲಿ ಕೇಳುತ್ತಾರೆ, ಕನ್ನಡದಲ್ಲಿ ಕೇಳುತ್ತಾರೆ, ಈಗೀಗ ಹಿಂದಿಯಲ್ಲೂ ಕೇಳುತ್ತಾರೆ.

ನಾನೂ ಅದನ್ನು ಪ್ರೀತಿಯ ಮಾತೆಂದೇ ತಿಳಿದು ಬೆಳೆದವಳು. ಈಗ ಆ ಎರಡು ಶಬ್ದ ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತದೆ. ನನ್ನ ಗಂಡನನ್ನು ಅರ್ಧ ಕಸಿದುಕೊಂಡದ್ದು ಕಾಯಿಲೆ, ಅದನ್ನು ಒಪ್ಪುತ್ತೇನೆ. ಉಳಿದ ಅರ್ಧವನ್ನು ನಮ್ಮವರು ಪ್ರೀತಿಯಿಂದಲೇ ಕೇಳಿ ಕೇಳಿ ತೆಗೆದುಕೊಂಡು ಹೋದರು.

ಅವರು ಥಾಣೆಯ ಒಂದು ವಿಮಾ ಕಚೇರಿಯಲ್ಲಿದ್ದರು. ನಿವೃತ್ತಿಗೆ ಇನ್ನೂ ಕೆಲವು ವರ್ಷವಿತ್ತು. ಒಂದು ಸಂಜೆ ಮನೆಗೆ ಬರುವ ಲೋಕಲ್ಲಿಗೆ ಕಾಯುತ್ತ ಪ್ಲಾಟ್‌ಫಾರ್ಮಿನಲ್ಲಿ ಕುಸಿದರು. ಹೃದಯ ನಿಂತಿತ್ತು. ಯಾರೋ ಪುಣ್ಯಾತ್ಮರು ಎದೆ ಒತ್ತಿದರಂತೆ, ಇನ್ಯಾರೋ ಆಂಬುಲೆನ್ಸಿಗೆ ಓಡಿದರಂತೆ. ಹೃದಯ ಮತ್ತೆ ಶುರುವಾಯಿತು. ಆದರೆ ನಿಂತದ್ದಕ್ಕೂ ಶುರುವಾದದ್ದಕ್ಕೂ ನಡುವೆ ಮಿದುಳಿಗೆ ರಕ್ತ ಹೋಗಿರಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಎಲ್ಲರೂ ನನ್ನ ಕೈ ಹಿಡಿದು ನಿನ್ನ ತಾಳಿ ಗಟ್ಟಿ ಎಂದರು. ನಾನೂ ಹೌದು ಎಂದೆ.

ಅವರಿಗೆ ಎಚ್ಚರವಾದ ದಿನ ನಾನು ಮಂಚದ ಪಕ್ಕದಲ್ಲೇ ಇದ್ದೆ. ಕಣ್ಣು ತೆರೆದು, ನನ್ನನ್ನು ನೋಡಿ, ತುಟಿ ಒದ್ದೆ ಮಾಡಿಕೊಂಡು, ಬಹಳ ಮರ್ಯಾದೆಯಿಂದ ಕೇಳಿದರು.

"ಸಿಸ್ಟರ್, ಪಾನಿ ಮಿಲೇಗಾ?"

ನಮ್ಮ ಅಷ್ಟು ವರ್ಷದ ಸಂಸಾರದಲ್ಲಿ ಅವರು ನನ್ನೊಡನೆ ಹಿಂದಿಯಲ್ಲಿ ಮಾತಾಡಿದ್ದು ಅದೇ ಮೊದಲು. ನಾನು ನೀರು ಕೊಟ್ಟೆ. "ಥ್ಯಾಂಕ್ಯೂ ಸಿಸ್ಟರ್" ಎಂದರು.

ಡಾಕ್ಟರು ಚಿತ್ರ ಬಿಡಿಸಿ ವಿವರಿಸಲು ಹೊರಟರು. ನನಗೆ ಆ ಚಿತ್ರ ಅವರಿಗಿಂತ ಚೆನ್ನಾಗಿ ಬಿಡಿಸಲು ಬರುತ್ತಿತ್ತು. ಕಲ್ಯಾಣದ ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು ನಾನು. ಮಿದುಳಿನ ಒಳಗೆ ಎಡಕ್ಕೊಂದು ಬಲಕ್ಕೊಂದು ಕಡಲಕುದುರೆಯ ಆಕಾರದ ಭಾಗವಿದೆ, ಹಿಪೊಕ್ಯಾಂಪಸ್ ಎಂದು ಅದರ ಹೆಸರು. ಇವತ್ತು ಕಂಡದ್ದನ್ನು, ಕೇಳಿದ್ದನ್ನು ಒಂದಕ್ಕೊಂದು ಹೆಣೆದು ನಾಳೆಗೆ ಉಳಿಸುವ ಕೆಲಸ ಅದರದು. ರಕ್ತ ನಿಂತರೆ ಬೇಗ ಸಾಯುವ ಕೋಶಗಳು ಅಲ್ಲೇ ಇವೆ. ಪರೀಕ್ಷೆಗೆ ಬರುತ್ತದೆ, ಚೆನ್ನಾಗಿ ಓದಿಕೊಳ್ಳಿ ಎಂದು ಎಷ್ಟು ಬ್ಯಾಚುಗಳಿಗೆ ಹೇಳಿದ್ದೇನೋ.

ನರಕೋಶಗಳ ಜೋಡಣೆಯ ಪಾಠ ಬಂದಾಗ ನಾನು ನಮ್ಮ ಬಿಲ್ಡಿಂಗಿನ ಉದಾಹರಣೆ ಕೊಡುತ್ತಿದ್ದೆ. ಡೊಂಬಿವಲಿಯ ಹಳೇ ಬಿಲ್ಡಿಂಗುಗಳು ಎಷ್ಟು ಒತ್ತೊತ್ತಾಗಿವೆ ಎಂದರೆ ನನ್ನ ಅಡುಗೆಮನೆಯ ಕಿಟಕಿಯಿಂದ ಕೈ ಚಾಚಿದರೆ ಎದುರು ಬಿಲ್ಡಿಂಗಿನವಳ ಕೈ ಸಿಗುತ್ತದೆ. ಗೋಡೆಗೆ ಗೋಡೆ ತಾಗಿಲ್ಲ, ನಡುವೆ ಸಂದು ಇದೆ. ನಾನು ಬಟ್ಟಲಲ್ಲಿ ಪಾಯಸ ದಾಟಿಸಬೇಕು, ಅವಳು ಕೈ ಚಾಚಿ ಹಿಡಿದುಕೊಳ್ಳಬೇಕು. ನರಕೋಶಗಳೂ ಹಾಗೆಯೇ, ಒಂದನ್ನೊಂದು ತಾಗುವುದಿಲ್ಲ. ಈಚೆಯ ಕೋಶ ಸಂದಿಗೆ ಒಂದು ರಾಸಾಯನಿಕ ಬಿಡುತ್ತದೆ, ಆಚೆಯದು ಹಿಡಿಯುತ್ತದೆ. ದಿನಾ ಕೊಟ್ಟು ತೆಗೆದುಕೊಳ್ಳುವುದು ನಡೆದರೆ ಹಿಡಿಯುವ ಕೈಗಳು ಹೆಚ್ಚುತ್ತವೆ, ಆ ಜೋಡಣೆ ಬಲವಾಗುತ್ತದೆ. ನಿಂತುಹೋದರೆ ಎದುರಿನವಳು ಕಿಟಕಿಗೆ ಅಡ್ಡವಾಗಿ ಡಬ್ಬ ಜೋಡಿಸಿಬಿಡುತ್ತಾಳೆ. ನೆನಪು ಎಂದರೆ ತಲೆಯೊಳಗೆ ಎಲ್ಲೋ ಮಡಿಸಿಟ್ಟ ಬಟ್ಟೆಯಲ್ಲ, ಯಾವ ಯಾವ ಕಿಟಕಿಗಳ ನಡುವೆ ಬಳಕೆ ಇದೆ ಎನ್ನುವುದೇ ನೆನಪು. ಹುಡುಗರು ನಗುತ್ತಿದ್ದರು. ಪಾಯಸ ಯಾವುದರದು ಮಿಸ್ ಎಂದು ಕೇಳುತ್ತಿದ್ದರು.

ಆಸ್ಪತ್ರೆಯಿಂದ ಮನೆಗೆ ಬಂದರು. ನಡೆಯುತ್ತಿದ್ದರು, ತಾವೇ ಊಟ ಮಾಡುತ್ತಿದ್ದರು, ಪೇಪರು ಓದುತ್ತಿದ್ದರು. ಓದಿದ ಪುಟವನ್ನೇ ಮತ್ತೆ ಹೊಸದಾಗಿ ಓದುತ್ತಿದ್ದರು. ಹೊಸದೊಂದೂ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಹಳೆಯದರಲ್ಲೂ ಒಂದು ದೊಡ್ಡ ತುಂಡು ಹೋಗಿತ್ತು. ಹುಟ್ಟೂರು, ಶಾಲೆ, ಅಂಬರನಾಥದಲ್ಲಿ ಕಳೆದ ಹುಡುಗತನದ ಕೊನೆ, ಮೊದಲ ಕೆಲಸ ಎಲ್ಲ ಇತ್ತು. ಅಲ್ಲಿಂದ ಈಚೆಗೆ ಖಾಲಿ. ಅವರ ಲೆಕ್ಕದಲ್ಲಿ ಅವರಿನ್ನೂ ಮದುವೆಯಾಗದ ಹುಡುಗ. ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ಕಂಡ ಬಿಳಿ ಕೂದಲನ್ನು ಮುಟ್ಟಿ ಮುಟ್ಟಿ ನೋಡಿ, ಹೊರಗೆ ಬರುವಷ್ಟರಲ್ಲಿ ಅದನ್ನೂ ಮರೆಯುತ್ತಿದ್ದರು. ಆ ಖಾಲಿ ಜಾಗದಲ್ಲಿ ನಾನಿದ್ದೆ, ನಮ್ಮ ಮಗಳಿದ್ದಳು, ಅಷ್ಟು ವರ್ಷದ ಜಗಳ, ನಗು, ಇದೇ ಮನೆ ಎಲ್ಲ ಇತ್ತು.

ಅಂಬರನಾಥ ಎಂದೆನಲ್ಲ, ಅದು ಅವರ ಅಕ್ಕನ ಮನೆ. ಭಾವ ಅಲ್ಲಿನ ಒಂದು ಕಾರ್ಖಾನೆಯಲ್ಲಿದ್ದರು. ಓದು ಮುಗಿಸಿ ಊರಲ್ಲಿ ಸುಮ್ಮನೆ ಕೂತಿದ್ದ ತಮ್ಮನನ್ನು ಕರೆಸಿಕೊಂಡು, ಉಣ್ಣಿಸಿ, ಕೆಲಸಕ್ಕೆ ಹಚ್ಚಿ, ಕೊನೆಗೆ ನನ್ನನ್ನು ಹುಡುಕಿ ಮದುವೆ ಮಾಡಿಸಿದವಳು ಆ ಅಕ್ಕ. ತೀರಿಕೊಂಡು ಕೆಲವು ವರ್ಷವಾಗಿತ್ತು. ಅವಳ ಮೇಲೆ ನನಗೆ ಗೌರವ ಬೇಕಾದಷ್ಟಿತ್ತು, ಪ್ರೀತಿ ಅಷ್ಟಕ್ಕಷ್ಟೆ. ತಮ್ಮನ ತಟ್ಟೆಗೆ ಎಷ್ಟು ತುಪ್ಪ ಹಾಕಬೇಕು ಎಂದು ನನ್ನ ಮನೆಗೆ ಬಂದು ನನಗೇ ಹೇಳುತ್ತಿದ್ದಳು.

ಮೊದಲು ಪರೀಕ್ಷೆ ಮಾಡಿದವರು ಮಾವ. ನನ್ನ ಗಂಡನ ಸೋದರಮಾವ ಅವರು, ಕಲ್ಯಾಣದಲ್ಲಿ ಸಸ್ಯಾಹಾರಿ ಹೊಟೇಲು ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟಿದ್ದಾರೆ. ಗಲ್ಲಾದಲ್ಲಿ ಕೂತು ಗಿರಾಕಿಯ ಮುಖ ನೋಡಿಯೇ ಇವನು ಮಸಾಲೆ ದೋಸೆ, ಇವನು ಸೆಟ್ ದೋಸೆ ಎಂದು ಹೇಳುತ್ತಿದ್ದವರು. ಆ ಭಾನುವಾರ ಬಿಸಿ ಬನ್ಸ್ ಕಟ್ಟಿಸಿಕೊಂಡು ಬಂದರು. ಅವರನ್ನು ನೋಡಿ ನನ್ನ ಗಂಡ ಎದ್ದು ನಿಂತರು.

"ಮಾವ! ನೀವೆಂತ ಇಷ್ಟು ಮುದುಕ ಆಗಿದ್ದೀರಿ?"

ಮಾವ ನಕ್ಕರು, ಕಣ್ಣು ಒರೆಸಿಕೊಂಡರು. ತನ್ನ ಗುರುತು ಸಿಕ್ಕಿತಲ್ಲ ಎಂಬ ಹುಮ್ಮಸ್ಸು. ನಾನು ಚಹಾ ತಂದಿಟ್ಟೆ. ಮಾವ ನನ್ನ ಕಡೆ ಬೆರಳು ಮಾಡಿದರು.

"ಹಾಗಾದ್ರೆ ಇದು ಯಾರು ಹೇಳು ನೋಡುವ? ಗುರ್ತ ಸಿಕ್ಕಿತಾ?"

ನನ್ನ ಗಂಡ ನನ್ನನ್ನು ನೋಡಿದರು. ಹಣೆಯಲ್ಲಿ ಬೆವರು ಬಂತು. ಪಾಪ, ಅವರ ಲೆಕ್ಕ ಸರಿಯಾಗಿಯೇ ಇತ್ತು. ತಾನು ಮದುವೆಯಾಗದ ಹುಡುಗ, ಮನೆಯಲ್ಲಿ ತನಗೆ ಚಹಾ ಮಾಡಿಕೊಡುವ ನಡುವಯಸ್ಸಿನ ಹೆಂಗಸು, ಅದು ಇನ್ಯಾರಿರಲು ಸಾಧ್ಯ?

"ಅಕ್ಕ... ಅಲ್ವಾ?"

"ಅಲ್ಲ ಮಾರಾಯ!" ಮಾವ ತೊಡೆ ತಟ್ಟಿ ನಕ್ಕರು. "ನಿನ್ನ ಹೆಂಡತಿ! ಕಟ್ಟಿಕೊಂಡ ಹೆಂಡತಿಯ ಗುರ್ತ ಸಿಗೂದಿಲ್ವಾ ನಿನಗೆ?"

ನನ್ನ ಗಂಡನ ಕಿವಿ ಕೆಂಪಾಯಿತು. ತಲೆ ತಗ್ಗಿಸಿ ಕೂತರು. ಸ್ವಲ್ಪ ಹೊತ್ತಿಗೆ ಎಲ್ಲ ಮರೆತು ಬನ್ಸ್ ತಿಂದರು. ಹೊರಡುವಾಗ ಮಾವ ನನಗೆ ಧೈರ್ಯ ಹೇಳಿದರು. "ತಲೆಗೆ ಕೆಲಸ ಕೊಡ್ತಾ ಇರ್ಬೇಕು. ಕೇಳ್ತಾ ಇರು. ಕೇಳಿದ್ರೆ ನೆನಪು ಬರ್ತದೆ."

ಮಗಳು ಕಾಮೋಠೆಯಲ್ಲಿ ಬಾಡಿಗೆಗಿದ್ದು ಕೆಲಸಕ್ಕೆ ಹೋಗುತ್ತಾಳೆ. ನವಿ ಮುಂಬಯಿಯಲ್ಲಿ ಇಂಥವರಿಗಾಗಿ ತರಬೇತಿ ಕೊಡುವ ಒಬ್ಬ ಥೆರಪಿಸ್ಟನ್ನು ಅವಳೇ ಹುಡುಕಿದಳು. ಥೆರಪಿಸ್ಟ್ ಮರಾಠಿ ಹುಡುಗಿ, ನನ್ನ ವಿದ್ಯಾರ್ಥಿನಿಯಾಗುವಷ್ಟು ಚಿಕ್ಕವಳು. ನಾನು ಮಾವನ ಸಂಗತಿ ಹೇಳಿದ ಕೂಡಲೇ ಅವಳು ಕೈ ಅಡ್ಡ ಮಾಡಿದಳು.

"ಕಾಕೂ, ತ್ಯಾಂನಾ ವಿಚಾರೂ ನಕಾ. ಸಾಂಗಾ."

ಕೇಳಬೇಡಿ, ಹೇಳಿ. ಅಷ್ಟೇ ಅವಳ ಮಂತ್ರ. ನಾವು ತಪ್ಪು ಮಾಡಿದರೆ, ಅಯ್ಯೋ ಹೋದ ಸಲ ಹೀಗೆ ಹೇಳಿ ತಪ್ಪಾಗಿತ್ತು ಎಂಬ ನೆನಪು ನಮ್ಮನ್ನು ಹಿಡಿದು ನಿಲ್ಲಿಸುತ್ತದೆ. ನಿಮ್ಮ ಗಂಡನಿಗೆ ಆ ನೆನಪು ಉಳಿಯುವುದಿಲ್ಲ. ತಿದ್ದಿದ್ದು ಅಳಿಸಿಹೋಗುತ್ತದೆ. ಆದರೆ ಬಾಯಿಂದ ಹೊರಟ ತಪ್ಪು ಉತ್ತರ ತನ್ನ ದಾರಿಯನ್ನು ಒಂದಿಷ್ಟು ಸವೆಸಿಟ್ಟು ಹೋಗಿರುತ್ತದೆ. ಮುಂದಿನ ಸಲ ಅದೇ ಮೊದಲು ಬರುತ್ತದೆ, ಅದರ ಮುಂದಿನ ಸಲ ಇನ್ನೂ ಬೇಗ. ಆದ್ದರಿಂದ ಅವರು ಊಹಿಸುವ ಪ್ರಸಂಗವೇ ಬರಬಾರದು. ಸರಿಯಾದದ್ದನ್ನು ನೀವೇ ಹೇಳಿ, ಅದೇ ಮಾತು, ಅದೇ ಜಾಗ, ದಿನಾ. ಹಿಪೊಕ್ಯಾಂಪಸ್ ಇಲ್ಲದೆಯೂ ಅಭ್ಯಾಸದಿಂದ ನಿಧಾನವಾಗಿ ಕಲಿಯುವ ಭಾಗಗಳು ಮಿದುಳಿನಲ್ಲಿವೆ, ಅವು ಕಲಿತಾವು ಎಂದಳು. ನನಗೆ ಕೂಡಲೇ ಅರ್ಥವಾಯಿತು. ಜೋಡಣೆಗೆ ಸರಿ ತಪ್ಪು ಗೊತ್ತಿಲ್ಲ, ಬಳಕೆಯೊಂದೇ ಗೊತ್ತು. ಬಟ್ಟಲಲ್ಲಿ ಏನಿದೆ ಎಂದು ಕಿಟಕಿ ನೋಡುವುದಿಲ್ಲ.

ಕಾಲೇಜಿಗೆ ದೀರ್ಘ ರಜೆ ಹಾಕಿದೆ. ದಿನಾ ಬೆಳಿಗ್ಗೆ ಅದೇ ಕುರ್ಚಿಯಲ್ಲಿ ಅವರನ್ನು ಕೂರಿಸಿ, ಅದೇ ಲೋಟದಲ್ಲಿ ಚಹಾ ಕೊಟ್ಟು, ಎದುರು ಕೂತು ಅವೇ ಮಾತು ಹೇಳುತ್ತಿದ್ದೆ. "ನಾನು ನಿಮ್ಮ ಹೆಂಡತಿ. ಡೊಂಬಿವಲಿಯಲ್ಲಿ ನಮ್ಮ ಮದುವೆ ಆಯ್ತು. ನಮಗೆ ಒಬ್ಬಳು ಮಗಳು. ಇದು ನಮ್ಮ ಮನೆ." ಮೊದಮೊದಲು ಅವರು ಬಾಯಿ ತೆರೆದು ಕೇಳುತ್ತಿದ್ದರು, ನಾಚುತ್ತಿದ್ದರು. ಹೌದಾ ಎನ್ನುತ್ತಿದ್ದರು. ನಾನು ಹೌದು ಎಂದು ಮುಂದಕ್ಕೆ ಹೋಗುತ್ತಿದ್ದೆ. ಗೊತ್ತಾಯ್ತಾ ಎಂದು ಕೂಡ ಕೇಳುತ್ತಿರಲಿಲ್ಲ. ಮೇಷ್ಟ್ರಗಿರಿ ಮಾಡಿದವಳಿಗೆ ಪ್ರಶ್ನೆ ಕೇಳದೆ ಪಾಠ ಮಾಡುವುದು ಎಂಥ ಸಂಕಟ ಎಂದು ನನಗೇ ಗೊತ್ತು. ಕನ್ನಡಿಯ ಎದುರು ಅಳು ಬರುವ ದಿನಗಳಿದ್ದವು, ಅಳುತ್ತಿದ್ದೆ, ಮುಖ ತೊಳೆದುಕೊಂಡು ಮತ್ತೆ ಚಹಾ ಇಡುತ್ತಿದ್ದೆ.

ಫೋನಿನಲ್ಲಿ ನೆಂಟರಿಗೆಲ್ಲ ಹೇಳಿದೆ. ಬನ್ನಿ, ಕೂತುಕೊಳ್ಳಿ, ಆದರೆ ಯಾರೆಂದು ನೀವೇ ಹೇಳಿ, ಕೇಳಬೇಡಿ. ಎಲ್ಲರೂ ಆಯ್ತಾಯ್ತು ಎಂದರು. ಬಂದು ಚಪ್ಪಲಿ ಬಿಡುವಷ್ಟರಲ್ಲಿ ಬಾಯಿ ತುರಿಸುತ್ತಿತ್ತು. ನಾನು ನಡುವೆ ಬಾಯಿ ಹಾಕಿ, ಇವರು ನಿಮ್ಮ ದೊಡ್ಡಪ್ಪನ ಮಗ ಎಂದು ಹೇಳಿಬಿಡುತ್ತಿದ್ದೆ. ಬಂದವರ ಮುಖ ಸಪ್ಪಗಾಗುತ್ತಿತ್ತು. ಇವಳು ಅವನಿಗೆ ಮಾತಾಡ್ಲಿಕ್ಕೇ ಬಿಡೂದಿಲ್ಲ ಎಂದು ಲಿಫ್ಟಿನ ಎದುರು ಹೇಳಿಕೊಂಡದ್ದು ನನಗೆ ಕೇಳುತ್ತಿತ್ತು.

ಮಳೆಗಾಲ ಶುರುವಾದ ಹೊತ್ತಿಗೆ ಒಂದು ದಿನ ಗ್ಯಾಸ್ ಸಿಲಿಂಡರಿನವನು ಬೆಲ್ ಮಾಡಿದ. ನಾನು ಅಡುಗೆಮನೆಯಲ್ಲಿದ್ದೆ. ಇವರೇ ಬಾಗಿಲು ತೆರೆದರು. ಮೇಡಂ ಇದ್ದಾರಾ ಎಂದು ಅವನು ಕೇಳಿದ್ದಕ್ಕೆ, ಯಾರೂ ಹೇಳಿಕೊಡದೆ, ಒಂದು ಚೂರೂ ತಡವರಿಸದೆ ಉತ್ತರಿಸಿದರು.

"ಬೀವಿ ಅಂದರ್ ಹೈ."

ನಾನು ಒಲೆ ಆರಿಸಿ ಅಲ್ಲೇ ನೆಲದ ಮೇಲೆ ಕೂತೆ. ಇದು ನೆನಪಲ್ಲ ಎಂದು ನನಗೆ ಗೊತ್ತಿತ್ತು. ನಮ್ಮ ಮದುವೆಯ ಒಂದು ಗಳಿಗೆಯೂ ಅವರಿಗೆ ನೆನಪಾಗಿರಲಿಲ್ಲ. ಮನೆಯಲ್ಲಿರುವ ಈ ಹೆಂಗಸಿಗೂ ಹೆಂಡತಿ ಎಂಬ ಮಾತಿಗೂ ನಡುವೆ ಎಲ್ಲೋ ಒಂದು ಬಡಪಾಯಿ ಜೋಡಣೆ ಆಗಿತ್ತು, ಅಷ್ಟೇ. ನನಗೆ ಅಷ್ಟೇ ಸಾಕಾಗಿತ್ತು. ಅಷ್ಟು ಉಳಿದರೆ ಉಳಿದ ಬದುಕನ್ನು ಸಾಗಿಸಿಬಿಡುತ್ತೇನೆ ಎಂದುಕೊಂಡೆ. ಥೆರಪಿಸ್ಟ್ ಮಾತ್ರ, ಕಾಕೂ ಇದು ಇನ್ನೂ ಎಳೆಯದು, ಜೋಪಾನ ಎಂದಳು.

ಆಮೇಲೆ ಚೌತಿ ಬಂತು. ನಮ್ಮಲ್ಲಿ ಪ್ರತಿವರ್ಷ ಗಣಪತಿ ಕೂರಿಸುತ್ತೇವೆ. ಈ ಊರಿನಲ್ಲಿ ಗಣಪತಿ ಕೂತ ಮನೆಗೆ ಯಾರನ್ನೂ ಕರೆಯಬೇಕಾಗಿಲ್ಲ, ಯಾರನ್ನೂ ಬರಬೇಡಿ ಎನ್ನುವಂತೆಯೂ ಇಲ್ಲ. ಸಾವಿನ ಬಾಯಿಂದ ಬಂದವರ ಮನೆ ಬೇರೆ. ದೇವರನ್ನೂ ನೋಡಿದ ಹಾಗಾಯಿತು, ಇವರನ್ನೂ ನೋಡಿದ ಹಾಗಾಯಿತು ಎಂದು ಥಾಣೆಯಿಂದ, ಕಲ್ಯಾಣದಿಂದ, ಅಂಬರನಾಥದಿಂದ ಜನ ಬಂದರು. ನಾನು ಅಡುಗೆಮನೆಯಲ್ಲಿ ಕಡುಬಿನ ಹಬೆಯ ನಡುವೆ ಸಿಕ್ಕಿಬಿದ್ದಿದ್ದೆ. ಮಗಳು ಪ್ರಸಾದ ಹಂಚುತ್ತಿದ್ದಳು. ಹೊರಗಿನ ಹಾಲ್‌ನಿಂದ ಅಲೆ ಅಲೆಯಾಗಿ ಅದೇ ಪ್ರಶ್ನೆ ಕೇಳಿಬರತೊಡಗಿತು. ಗುರ್ತ ಸಿಕ್ಕಿತಾ? ನನ್ನ ಗುರ್ತ ಸಿಕ್ಕಿತಾ? ಅವರದ್ದು ಬಿಡು, ನನ್ನದು ಸಿಕ್ಕಿತಾ?

ಕೈ ತೊಳೆದು ಕಡುಬಿನ ತಟ್ಟೆ ಹಿಡಿದು ಓಡಿಬಂದೆ. ಮಾವ ನನ್ನ ಗಂಡನ ಪಕ್ಕದಲ್ಲಿ ಕೂತು ಪರೀಕ್ಷೆ ನಡೆಸುತ್ತಿದ್ದರು. ನನ್ನನ್ನು ಕಂಡದ್ದೇ ಅವರ ಕೈ ಮೇಲೆದ್ದಿತು.

"ಇದು ಯಾರು? ಇದನ್ನು ಹೇಳಿದ್ರೆ ನೀನು ಪಾಸು!"

ನಾನು ಬಾಯಿ ತೆರೆಯುವಷ್ಟರಲ್ಲಿ ಇವರು ನನ್ನ ಕಡೆ ತಿರುಗಿದ್ದರು. ದಿನಾ ಬೆಳಿಗ್ಗೆ ಎದುರು ಕೂರುವ ನೈಟಿಯ ಹೆಂಗಸು ನಾನಾಗಿರಲಿಲ್ಲ. ರೇಷ್ಮೆ ಸೀರೆ, ತಲೆಯಲ್ಲಿ ಹೂವು, ಕೈಯಲ್ಲಿ ಬಡಿಸುವ ತಟ್ಟೆ. ಆ ಕುರ್ಚಿ ಇಲ್ಲ, ಆ ಲೋಟ ಇಲ್ಲ. ಎಷ್ಟೋ ಕಣ್ಣುಗಳು ಅವರ ಬಾಯಿಯನ್ನೇ ನೋಡುತ್ತಿದ್ದವು.

"ಅಕ್ಕ."

ಹಾಲ್ ತುಂಬ ನಗು. ಅಲ್ಲವೋ, ಹೆಂಡತಿ! ಕೆಲವರು ಪಾಪ ಎಂದರು. ಅವರು ಹೋಗಿ ಬೇರೆಯವರು ಬಂದಾಗ ಮಾವ, ನೋಡಿ ಬೇಕಾದ್ರೆ ಎಂದು ಮತ್ತೆ ಕೇಳಿದರು. ಅಕ್ಕ. ನಾನು ಬೇಡ ಮಾವ ಎಂದು ಕೈ ಮುಗಿದೆ. ನಾನು ಒಳಗೆ ಹೋದಾಗ ಮತ್ತೊಬ್ಬರು ಬೆನ್ನ ಹಿಂದಿನಿಂದ ಕೇಳಿದರು. ಅಕ್ಕ. ಪ್ರತಿ ಸಲವೂ ಉತ್ತರ ಮೊದಲಿಗಿಂತ ಬೇಗ ಬರುತ್ತಿತ್ತು. ಎಷ್ಟೋ ವರ್ಷ ಬಾಯ್ತುಂಬ ಕರೆದ ಶಬ್ದ ಅದು, ಅದರ ದಾರಿ ಯಾವತ್ತಿನಿಂದಲೂ ತೆರೆದೇ ಇತ್ತು. ಸಂಜೆ ಆರತಿಗೆ ಮುಂಚೆ ಯಾರೂ ಕೇಳದೆಯೇ ಅವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಅಕ್ಕ, ಸ್ವಲ್ಪ ನೀರು ಕೊಡು."

ನನಗೆ ಏನಾಯಿತೋ. ಹೊರಗೆ ಬಂದು ದೇವರ ಎದುರೇ ಕೂಗಾಡಿದೆ. "ಸಾಕು ಮಾಡಿ ಮಾವ! ನಿಮಗೆ ಇದು ಆಟ. ನಾನು ಇಷ್ಟು ತಿಂಗಳು ಅಂಗಲಾಚಿ ಕಟ್ಟಿದ್ದನ್ನು ಒಂದೇ ದಿನದಲ್ಲಿ ಕೆಡವಿದಿರಲ್ಲ!" ಮಾವ ಎರಡೂ ಕೈ ಮುಂದೆ ಚಾಚಿದರು.

"ನಾನೇನು ಅವನ ಶತ್ರುವಾ? ಇದೇ ಕೈಯಲ್ಲಿ ಅವನನ್ನು ಎತ್ತಿ ಆಡಿಸಿದ್ದು ನಾನು. ಪ್ರೀತಿಯಿಂದ ಕೇಳಿದ್ದು ಮಗಾ, ಎಲ್ರೂ ಪ್ರೀತಿಯಿಂದಲೇ ಕೇಳಿದ್ದು."

ಅದು ನಿಜ. ಅದಕ್ಕೇ ನನಗೆ ಇವತ್ತಿಗೂ ಅವರನ್ನು ಸರಿಯಾಗಿ ದ್ವೇಷಿಸಲಾಗುವುದಿಲ್ಲ. ಮಾವ ಪ್ರಸಾದ ಕೂಡ ತೆಗೆದುಕೊಳ್ಳದೆ ಕೋಲೂರಿಕೊಂಡು ಹೋದರು. ಈಗ ಫೋನು ಮಾಡುತ್ತಾರೆ, ಮನೆಗೆ ಬರುವುದಿಲ್ಲ.

ಮರುದಿನ ಬೆಳಿಗ್ಗೆ ಅದೇ ಕುರ್ಚಿ, ಅದೇ ಲೋಟ. ನಾನು ನಿಮ್ಮ ಹೆಂಡತಿ ಎಂದೆ. ಅವರು ನಕ್ಕುಬಿಟ್ಟರು. "ಎಂತ ಅಕ್ಕ, ಬೆಳಿಗ್ಗೆ ಬೆಳಿಗ್ಗೆ ತಮಾಷೆ!" ಪಟ್ಟು ಬಿಡದೆ ಹೇಳಿದೆ. ವಾರಗಟ್ಟಲೆ ಹೇಳಿದೆ. ನಗು ಹೋಗಿ ಹೆದರಿಕೆ ಬಂತು. ಅಕ್ಕ ಹೀಗೆಲ್ಲ ಯಾಕೆ ಮಾತಾಡುತ್ತಿದ್ದಾಳೆ ಎಂದು ನನ್ನ ಮುಖವನ್ನೇ ನೋಡುತ್ತಿದ್ದರು. ಊಟ ಬಿಟ್ಟರು. ನಾನು ಕೋಣೆಯಲ್ಲಿ ಸೀರೆಯ ಸೆರಗು ಸರಿ ಮಾಡಿಕೊಂಡರೆ ಮುಖ ಆಚೆ ತಿರುಗಿಸಿ ಹೊರಗೆ ಹೋಗುತ್ತಿದ್ದರು. ಒಂದು ದಿನ ದಿಂಬು ತೆಗೆದುಕೊಂಡು ಹೋಗಿ ಹಾಲಿನ ಸೋಫಾದ ಮೇಲಿಟ್ಟರು. ಅಂದಿನಿಂದ ಅವರ ಹಾಸಿಗೆ ಅಲ್ಲೇ.

ಥೆರಪಿಸ್ಟ್ ಬೈಯಲಿಲ್ಲ, ಸುಳ್ಳು ಆಸೆಯನ್ನೂ ಕೊಡಲಿಲ್ಲ. ಗದ್ದಲ, ನಾಚಿಕೆ, ಬೆವರು ಎಲ್ಲ ಸೇರಿದಾಗ ಜೋಡಣೆ ಇನ್ನೂ ಗಟ್ಟಿಯಾಗಿ ಕೂರುತ್ತದೆ ಎಂದಳು. ಅದೂ ನನ್ನದೇ ಪಾಠ. ಇನ್ನೊಂದು ಪಾಠವೂ ಇತ್ತು, ಅದು ನನ್ನ ಮೇಲೆಯೇ ನಡೆದಿತ್ತು. ನೆನಪನ್ನು ಪ್ರತಿ ಸಲ ಹೊರತೆಗೆದಾಗ ಅದರ ಜೋಡಣೆ ಸ್ವಲ್ಪ ಸಡಿಲವಾಗುತ್ತದೆ, ಮತ್ತೆ ಬಿಗಿಯಾಗುವಾಗ ಆಗ ಆಡಿದ ಮಾತೂ ಅದರಲ್ಲಿ ಸೇರಿಕೊಳ್ಳುತ್ತದೆ. ನನ್ನ ಮದುವೆಯನ್ನು ನಾನು ದಿನಾ ಬೆಳಿಗ್ಗೆ ಹೊರತೆಗೆದಿದ್ದೆ, ಒಂದೇ ಒಂದು ಒಣ ವಾಕ್ಯವಾಗಿ. ಈಗ ಕಣ್ಣು ಮುಚ್ಚಿದರೆ ಡೊಂಬಿವಲಿಯಲ್ಲಿ ನಮ್ಮ ಮದುವೆ ಆಯ್ತು ಎಂಬ ನನ್ನದೇ ದನಿ ಕೇಳುತ್ತದೆ. ಧಾರೆಯ ಹೊತ್ತಿನಲ್ಲಿ ಅವರು ನನ್ನ ಕಿವಿಯಲ್ಲಿ ಏನೋ ಹೇಳಿ ನಗಿಸಿದ್ದರು. ಏನೆಂದು ನೆನಪಾಗುವುದಿಲ್ಲ, ಎಷ್ಟು ತಿಣುಕಿದರೂ ಇಲ್ಲ. ಕೇಳಿ ತಿಳಿಯೋಣವೆಂದರೆ ಅದು ಗೊತ್ತಿದ್ದವರು ಅವರೊಬ್ಬರೇ, ಅವರ ತಲೆಯಲ್ಲೂ ಅದಿಲ್ಲ.

ಮಗಳು ನನ್ನಷ್ಟು ಹಟಮಾರಿಯಲ್ಲ. ಇಲ್ಲೇ ಹುಟ್ಟಿದವಳು, ನಾನು ಯಾವ ಭಾಷೆಯಲ್ಲಿ ಹೇಳಿದರೂ ಅವಳ ಉತ್ತರ ಹಿಂದಿಯಲ್ಲೇ. "ರೆಹನೇ ದೋ ನಾ ಮಮ್ಮಿ. ಪ್ಲೀಸ್. ಪಪ್ಪಾ ಡರ್ ಜಾತೇ ಹೈ," ಅಪ್ಪ ಹೆದರುತ್ತಾರೆ, ಬಿಟ್ಟುಬಿಡು ಎಂದು ಬೇಡಿಕೊಂಡಳು. ಮುಂದಿನ ಭಾನುವಾರ ಅವಳು ಅವರನ್ನು ಮಾಮಾ ಎಂದು ಕರೆದಳು. ಅಕ್ಕನ ಮಗಳಲ್ಲವೇ! ಅವರು ಖುಷಿಯಿಂದ ಅವಳ ತಲೆ ಸವರಿದರು. ಅವಳು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಹೊರಗೆ ಬರಲಿಲ್ಲ.

ನಾನೂ ಒಂದು ದಿನ ಸೋತೆ. ಅಕ್ಕ ಎಂದಾಗ, "ಎಂತದು, ಹೇಳು" ಎಂದೆ. ಗಂಡನಿಗೆ ನೀವು ಎಂದು ಬಂದವಳ ಬಾಯಲ್ಲಿ ನೀನು ಎನ್ನುವುದು ಹೇಗೆ ಬಂತೋ, ಬಂದುಬಿಟ್ಟಿತು. ಅವರ ಮುಖ ಎಷ್ಟು ಹಗುರವಾಯಿತೆಂದರೆ ನೋಡಲಾಗಲಿಲ್ಲ. ಆ ದಿನ ಎರಡು ಸಲ ಅನ್ನ ಹಾಕಿಸಿಕೊಂಡರು. ಸಕ್ಕರೆ, ಬೀಪಿ ಎಲ್ಲ ಈಗ ಹತೋಟಿಯಲ್ಲಿದೆ. ಡಾಕ್ಟರು ನನ್ನ ಆರೈಕೆಯನ್ನು ಹೊಗಳುತ್ತಾರೆ.

ಕಳೆದ ತಿಂಗಳಿನ ಒಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತಿದ್ದೆ. ಕುಚ್ಚಲಕ್ಕಿ ಅನ್ನ, ಬಸಳೆ ಹುಳಿ. ಮಜ್ಜಿಗೆ ಹಾಕಲು ಬಗ್ಗಿದಾಗ ಅವರು ತಲೆ ಎತ್ತದೆ, ನಾಚಿಕೊಂಡು ಕೇಳಿದರು.

"ಅಕ್ಕ, ನನಗೆ ಒಂದು ಹುಡುಗಿ ನೋಡ್ತಿದ್ದಿಯಲ್ಲ, ಅದು ಎಂತ ಆಯ್ತು?"

ಸೌಟು ಹಿಡಿದುಕೊಂಡೇ ನಿಂತೆ. ಇಂಥ ಆಸೆ ನನ್ನಲ್ಲಿ ಇನ್ನೂ ಉಳಿದಿತ್ತೆಂದು ನನಗೇ ಗೊತ್ತಿರಲಿಲ್ಲ. ಹೆಂಡತಿಯಾಗಿ ಒಳಗೆ ಬರಲು ಬಿಡದವರು ಹುಡುಗಿಯಾಗಿಯಾದರೂ ಬರಲು ಬಿಟ್ಟಾರು ಎನಿಸಿತು. ಅವರ ಎದುರು ಕೂತೆ.

"ಒಂದು ಸಂಬಂಧ ಉಂಟು."

"ಎಲ್ಲಿಯ ಹುಡುಗಿ?"

"ಡೊಂಬಿವಲಿಯವಳೇ. ನಮ್ಮವರೇ. ಕಾಲೇಜಿನಲ್ಲಿ ಪಾಠ ಮಾಡ್ತಾಳೆ."

"ಅಬ್ಬ, ಟೀಚರಾ!" ಎಂದು ಕಣ್ಣರಳಿಸಿದರು. "ನೋಡ್ಲಿಕ್ಕೆ ಹೇಗಿದ್ದಾಳೆ?"

"ಸುಮಾರಾಗಿದ್ದಾಳೆ. ಸಿಟ್ಟು ಮಾತ್ರ ಸ್ವಲ್ಪ ಜಾಸ್ತಿ."

ಅವರು ನಕ್ಕರು, ಮೊದಲಿನ ಹಾಗೆಯೇ, ಹೆಗಲು ಕುಣಿಸಿ. "ಅದು ಅಡ್ಡಿಯಿಲ್ಲ. ಅವಳಿಗೆ ನಾನು ಆದೇನಾ?"

"ಅವಳು ಒಪ್ಪಿ ಆಗಿದೆ ಮಾರಾಯ," ಎಂದೆ.

ಅವರು ಅನ್ನ ಕಲಸುತ್ತಿದ್ದರು. ಕಲಸುತ್ತ ಕಲಸುತ್ತ ಬೆರಳು ನಿಧಾನವಾಯಿತು, ನಿಂತಿತು. ಮುಖದ ನಗು ಒಂದೊಂದಾಗಿ ದೀಪ ಆರಿದ ಹಾಗೆ ಆರಿತು.

"ಅಕ್ಕ, ನನ್ನ ತಲೆಗೆ ಎಂತದೋ ಆಗಿದೆ ಅಲ್ವಾ? ನೀನು ಹೇಳೂದಿಲ್ಲ. ಆದ್ರೆ ನನಗೆ ಗೊತ್ತಾಗ್ತದೆ. ಬೆಳಿಗ್ಗೆ ಎಂತ ತಿಂದೆ ಅಂತ ಕೇಳಿದ್ರೆ ಗೊತ್ತಿಲ್ಲ ನನಗೆ."

"ಸರಿ ಆಗ್ತದೆ," ಎಂದೆ.

"ಆ ಹುಡುಗಿಗೆ ಬೇಡ ಅಂತ ಹೇಳಿಬಿಡು. ಒಳ್ಳೆಯವಳ ಹಾಗೆ ಕಾಣ್ತಾಳೆ. ಗೊತ್ತಿದ್ದೂ ಮೋಸ ಮಾಡಿದ ಹಾಗಾಗ್ತದೆ. ಜೀವಮಾನ ಇಡೀ ನನ್ನ ಹಿಂದೆ ಕೂತು ಅವಳೆಂತ ಮಾಡೂದು, ಪಾಪ?"

ಅವರು ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಹೇಳ್ತೀಯಲ್ಲ ಅಕ್ಕ?"

"ಹೇಳ್ತೇನೆ."

"ಇವತ್ತೇ ಹೇಳು. ಸುಮ್ಮನೆ ಅವಳು ಕಾಯ್ತಾ ಕೂರೂದು ಬೇಡ."